ಪ್ಯಾರಿಸ್‌ನ ಗೋರಿಕಲ್ಲುಗಳು: ಆಂಗ್ಯುಲರ್ ಕಳೆದುಕೊಂಡ ನಂಬಿಕೆ, ಹತ್ತು ವರ್ಷದ ಸಾಲ

ಇವತ್ತು ಒಂದು ಸಾಫ್ಟ್‌ವೇರ್‌ನ ಚರಿತ್ರೆ ಹೇಳ್ತೀನಿ. ಅದರ ಹೆಸರು ಆಂಗ್ಯುಲರ್. ಕೋಡಿಂಗ್ ನಮಗ್ಯಾಕೆ ಅನ್ನೋರು ಈಗಲೇ ಇಯರ್‌ಫೋನ್ ತೆಗೀಬೇಡಿ. ನಾನೂ ಬಿಕಾಂ ಓದಿದವಳೇ. ನನ್ನ ಡಿಗ್ರಿಯಲ್ಲಿ ಕಂಪ್ಯೂಟರ್ ಅಂದ್ರೆ ಟ್ಯಾಲಿ ಮತ್ತು ಎಕ್ಸೆಲ್, ಅಷ್ಟೇ. ಆದ್ರೆ ಈ ಕಥೆಯೊಳಗೆ ಇಳಿದಷ್ಟೂ ನನಗೆ ಅನ್ನಿಸಿದ್ದು, ಇದರ ಮಧ್ಯೆ ಇರೋ ಎರಡು ಪ್ರಶ್ನೆಗಳೂ ಕಾಮರ್ಸ್‌ನವೇ ಅಂತ. ಒಂದು, ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ಬದಲಾದರೆ ಬೇರೆ ಯಾವ್ಯಾವ ಅಂಕಿ ತಿದ್ದಬೇಕು? ಎರಡು, ಒಂದು ದೊಡ್ಡ ಬದಲಾವಣೆ ಮಾಡುವಾಗ ಅದರ ಖರ್ಚು ಯಾರ ಖಾತೆಗೆ ಬೀಳಬೇಕು?

ವೆಬ್‌ಸೈಟ್‌ನಲ್ಲಿ ನಮ್ಮ ಕಣ್ಣಿಗೆ ಕಾಣೋ ಭಾಗ ಇದೆಯಲ್ಲ, ಬಟನ್ನು, ಫಾರ್ಮು, ಪಟ್ಟಿ, ಒಟ್ಟು ಮೊತ್ತ ತೋರಿಸೋ ಜಾಗ, ಅದನ್ನ ಫ್ರಂಟ್ ಎಂಡ್ ಅಂತಾರೆ. ಪ್ರತಿ ಸಲ ಅದನ್ನ ಮೊದಲಿಂದ ಕಟ್ಟೋ ಬದಲು ಸಿದ್ಧ ಚೌಕಟ್ಟು ಒಂದನ್ನ ಬಳಸ್ತಾರೆ. ಅದೇ ಫ್ರೇಮ್‌ವರ್ಕ್. ಆಂಗ್ಯುಲರ್ ಗೂಗಲ್ ಕಂಪನಿಯ ಫ್ರೇಮ್‌ವರ್ಕ್. ಗೂಗಲ್ ಕ್ಲೌಡ್‌ನ ಕನ್ಸೋಲ್ ಅದರಲ್ಲೇ ಇದೆ, ಬ್ರೌಸರ್‌ನಲ್ಲಿ ನೀವು ತೆರೆಯೋ ಜೆಮಿನಿ ಕೂಡ ಅದರಲ್ಲೇ ಇದೆ. ಬೆಂಗಳೂರಿನ ಸರ್ವೀಸ್ ಕಂಪನಿಗಳಲ್ಲಿ ಕೆಲಸ ಮಾಡೋ ಗೆಳೆಯರನ್ನ ಕೇಳಿ ನೋಡಿ. ಬ್ಯಾಂಕಿನದೋ ಇನ್ಶೂರೆನ್ಸ್‌ನದೋ ಯಾವುದೋ ಒಂದು ಆಂಗ್ಯುಲರ್ ಪ್ರಾಜೆಕ್ಟ್ ಹೆಸರು ಬಂದೇ ಬರುತ್ತೆ.

2025ರ ನವೆಂಬರ್‌ನಲ್ಲಿ ಇದರ 21ನೇ ಆವೃತ್ತಿ ಬಂತು. ಹೊಸದಾಗಿ ಶುರು ಮಾಡೋ ಪ್ರಾಜೆಕ್ಟ್‌ಗಳಲ್ಲಿ ಇನ್ನು ಝೋನ್ ಜೆಎಸ್ ಅನ್ನೋ ಭಾಗ ಇರೋದಿಲ್ಲ ಅಂತ ಅದರಲ್ಲಿ ತೀರ್ಮಾನವಾಯ್ತು. 2016ರಿಂದ ಆಂಗ್ಯುಲರ್ ಪರದೆಯಲ್ಲಿ ಏನು ಬದಲಾಗಬೇಕಾದರೂ ಆ ಝೋನ್ ಜೆಎಸ್ ಸುಳಿವು ಕೊಡಬೇಕಿತ್ತು. ಅಂಥದ್ದನ್ನ ಕಿತ್ತು ಪಕ್ಕಕ್ಕಿಟ್ಟರೂ ಹೇಳಿಕೊಳ್ಳುವಂಥ ಗಲಾಟೆ ಆಗಲಿಲ್ಲ. ಜನ ಅಪ್‌ಡೇಟ್ ಮಾಡಿಕೊಂಡು ತಮ್ಮ ಕೆಲಸಕ್ಕೆ ಹೋದರು.

ಇದೇ ತಂಡ 2014ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಒಂದು ಸಮ್ಮೇಳನದಲ್ಲಿ ಇಷ್ಟೇ ದೊಡ್ಡ ಬದಲಾವಣೆ ಹೇಳಿದಾಗ ಪ್ರಪಂಚದಾದ್ಯಂತ ಡೆವಲಪರ್‌ಗಳು ಸಿಟ್ಟಿಗೆದ್ದಿದ್ದರು. ಎಷ್ಟೋ ಜನ ಆ ದಿನವೇ ಬೇರೆ ಫ್ರೇಮ್‌ವರ್ಕ್ ಹುಡುಕೋಕೆ ಶುರು ಮಾಡಿದರು. ಅವತ್ತು ಯಾಕೆ ಹಾಗಾಯ್ತು, ಈಗ ಯಾಕೆ ಆಗಲಿಲ್ಲ, ಅದೇ ಇವತ್ತಿನ ವಿಷಯ.

ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ, 1970ರ ದಶಕದ ಕೊನೆಗೆ ಹೋಗೋಣ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಎಂಬಿಎ ಓದ್ತಿದ್ದ ಡ್ಯಾನ್ ಬ್ರಿಕ್ಲಿನ್‌ಗೆ ಒಂದು ಯೋಚನೆ ಬಂತು. ಲೆಕ್ಕದ ಹಾಳೆಯಲ್ಲಿ ಒಂದು ಅಂಕಿ ತಪ್ಪಾದರೆ ಕೆಳಗಿನದೆಲ್ಲ ಅಳಿಸಿ ಮತ್ತೆ ಬರೀಬೇಕು. ಈ ಕೆಲಸ ಕಂಪ್ಯೂಟರ್ರೇ ಮಾಡಿದ್ರೆ? ಗೆಳೆಯ ಬಾಬ್ ಫ್ರಾಂಕ್ಸ್‌ಟನ್ ಜೊತೆ ಸೇರಿ ಅವರು ಮಾಡಿದ್ದು ವಿಸಿಕ್ಯಾಲ್ಕ್. 1979ರಲ್ಲಿ ಆ್ಯಪಲ್ 2 ಕಂಪ್ಯೂಟರ್‌ಗೆ ಬಂತು. ಇವತ್ತಿನ ಎಕ್ಸೆಲ್‌ನ ಅಜ್ಜ ಅನ್ನಬಹುದು.

ವಿಸಿಕ್ಯಾಲ್ಕ್‌ನಲ್ಲಿ ಒಂದು ಅಡಚಣೆ ಇತ್ತು. ಅದು ಯಾವ ಚೌಕ ಯಾವುದರ ಮೇಲೆ ನಿಂತಿದೆ ಅಂತ ನೋಡ್ತಿರಲಿಲ್ಲ. ಸಾಲು ಸಾಲಾಗಿ, ಇಲ್ಲಾಂದ್ರೆ ಕಾಲಂ ಕಾಲಂ ಆಗಿ, ಮೇಲಿಂದ ಕೆಳಕ್ಕೆ ಎಲ್ಲವನ್ನೂ ಲೆಕ್ಕ ಹಾಕ್ತಾ ಹೋಗ್ತಿತ್ತು. ಮೇಲಿನ ಒಂದು ಚೌಕ ಕೆಳಗಿನ ಚೌಕದ ಉತ್ತರವನ್ನ ಬಳಸ್ತಿದ್ರೆ ಮೊದಲ ಸುತ್ತಿನಲ್ಲಿ ಹಳೇ ಉತ್ತರ ಸಿಗ್ತಿತ್ತು. ಆಗ ಆಶ್ಚರ್ಯ ಚಿಹ್ನೆಯ ಕೀ ಒತ್ತಿ ಇನ್ನೊಂದು ಸುತ್ತು ಹಾಕಿಸಬೇಕಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಇದನ್ನ ಸರಿಮಾಡಿತು. ಯಾವುದು ಯಾವುದನ್ನ ಅವಲಂಬಿಸಿದೆ ಅಂತ ನೋಡಿಕೊಂಡು, ಅದೇ ಕ್ರಮದಲ್ಲಿ ಲೆಕ್ಕ ಮಾಡ್ತಿತ್ತು. ಇವತ್ತಿನ ಎಕ್ಸೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಬದಲಾದ ಚೌಕ ಮತ್ತು ಅದನ್ನ ನಂಬಿಕೊಂಡಿರೋ ಚೌಕಗಳು, ಇಷ್ಟನ್ನೇ ಮುಟ್ಟುತ್ತೆ.

ಎಲ್ಲವನ್ನೂ ಮೇಲಿಂದ ಕೆಳಗೆ ನೋಡೋದು ಒಂದು ದಾರಿ. ಬೇಕಾದ್ದನ್ನ ಮಾತ್ರ ನೋಡೋದು ಇನ್ನೊಂದು ದಾರಿ. ಆಂಗ್ಯುಲರ್ ಮೊದಲ ದಾರಿಯಿಂದ ಎರಡನೇ ದಾರಿಗೆ ಬಂದು ಸೇರೋಕೆ ಹದಿನೈದು ವರ್ಷ ತಗೊಳ್ತು.

2009ಕ್ಕೆ ಬರೋಣ. ಗೂಗಲ್‌ನಲ್ಲಿ ಮಿಸ್ಕೊ ಹೆವೆರಿ ಅನ್ನೋ ಎಂಜಿನಿಯರ್. ಹವ್ಯಾಸಕ್ಕೆ ಅಂತ ಆ್ಯಡಮ್ ಅಬ್ರನ್ಸ್ ಜೊತೆ ಒಂದು ಟೂಲ್ ಮಾಡಿಟ್ಟಿದ್ದರು. ಆಫೀಸ್‌ನಲ್ಲಿ ಗೂಗಲ್ ಫೀಡ್‌ಬ್ಯಾಕ್ ಅನ್ನೋ ಪ್ರಾಜೆಕ್ಟ್. ಮೂರು ಜನ ಆರು ತಿಂಗಳು ಕೂತು 17,000 ಸಾಲು ಕೋಡ್ ಬರೆದಿದ್ದರು, ಕೆಲಸ ಸಾಗ್ತಿರಲಿಲ್ಲ. ಇದನ್ನೇ ನನ್ನ ಟೂಲ್‌ನಲ್ಲಿ ಎರಡು ವಾರದಲ್ಲಿ ಮಾಡಿ ತೋರಿಸ್ತೀನಿ ಅಂತ ಹೆವೆರಿ ತಮ್ಮ ಮ್ಯಾನೇಜರ್ ಬ್ರ್ಯಾಡ್ ಗ್ರೀನ್ ಹತ್ರ ಬೆಟ್ ಕಟ್ಟಿದರು. ಬೆಟ್ ಸೋತರು. ಮೂರು ವಾರ ಹಿಡೀತು. ಆದ್ರೆ 17,000 ಸಾಲು ಇದ್ದಿದ್ದು 1,500 ಆಗಿತ್ತು! ಸೋತವರಿಗೆ ಅಷ್ಟು ಲಾಭ ಆದ ಬೆಟ್ ಇನ್ನೊಂದಿರಲಿಕ್ಕಿಲ್ಲ. ಆ ಟೂಲ್ ಆಂಗ್ಯುಲರ್‌ಜೆಎಸ್ ಆಯ್ತು. 2010ರಲ್ಲಿ ಎಲ್ಲರಿಗೂ ಮುಕ್ತವಾಯ್ತು, 2012ರಲ್ಲಿ 1.0 ಬಂತು.

ಆಂಗ್ಯುಲರ್‌ಜೆಎಸ್ ನೋಡಿದವರಿಗೆ ಮೊದಲ ದಿನ ಮ್ಯಾಜಿಕ್ ಥರ ಅನ್ನಿಸ್ತಿತ್ತು. ಒಂದು ಡಬ್ಬಿಯಲ್ಲಿ ಹೆಸರು ಟೈಪ್ ಮಾಡಿದ್ರೆ ಪಕ್ಕದಲ್ಲೇ ನಮಸ್ಕಾರ ಅಂತ ಆ ಹೆಸರು ತಾನಾಗೇ ಮೂಡುತ್ತೆ. ಅದಕ್ಕೆ ಬೇರೆ ಕೋಡ್ ಬರೀಬೇಕಿಲ್ಲ. ಒಳಗೆ ನಡೀತಿದ್ದದ್ದು ಮಾತ್ರ ವಿಸಿಕ್ಯಾಲ್ಕ್ ಕೆಲಸವೇ. ಪರದೆಯ ಮೇಲೆ ತೋರಿಸಿದ ಪ್ರತಿ ಅಂಕಿಗೂ ಪ್ರತಿ ಹೆಸರಿಗೂ ಒಬ್ಬ ಕಾವಲುಗಾರ. ಒಂದು ಕ್ಲಿಕ್ ಆದರೂ ಸಾಕು, ಆಂಗ್ಯುಲರ್‌ಜೆಎಸ್ ಎಲ್ಲ ಕಾವಲುಗಾರರನ್ನೂ ಎಬ್ಬಿಸಿ, ನಿನ್ನ ಹತ್ರ ಏನಾದ್ರೂ ಬದಲಾಯ್ತಾ ಅಂತ ಕೇಳ್ತಿತ್ತು. ಒಬ್ಬ ಹೌದು ಅಂದ್ರೆ ಮತ್ತೆ ಮೊದಲಿಂದ ಎಲ್ಲರನ್ನೂ ಕೇಳಬೇಕು, ಯಾಕಂದ್ರೆ ಅವನ ಬದಲಾವಣೆಯಿಂದ ಇನ್ನೊಬ್ಬನದ್ದು ಬದಲಾಗಿರಬಹುದು. ಎಲ್ಲರೂ ಇಲ್ಲ ಅನ್ನೋವರೆಗೂ ಸುತ್ತು. ಹತ್ತು ಸುತ್ತು ಆದಮೇಲೂ ಮುಗಿಯದಿದ್ರೆ ನನ್ನ ಕೈಲಾಗಲ್ಲ ಅಂತ ಎರರ್ ಕೊಟ್ಟು ಕೈಚೆಲ್ಲುತ್ತಿತ್ತು. ಇದಕ್ಕೆ ಡರ್ಟಿ ಚೆಕಿಂಗ್ ಅಂತ ಹೆಸರು.

ಚಿಕ್ಕ ಅಂಗಡಿಗೆ ಇದು ಸಾಕು. ದಿನಕ್ಕೆ ಇಪ್ಪತ್ತು ಎಂಟ್ರಿ ಇದ್ರೆ ಪ್ರತಿ ಎಂಟ್ರಿಗೂ ಇಡೀ ಲೆಡ್ಜರ್ ಕೂಡಿಸಿದ್ರೂ ಸಂಜೆಯೊಳಗೆ ಮುಗಿಯುತ್ತೆ. ಎಪಿಎಂಸಿ ಮಂಡಿಗೆ ಸಾಕಾಗಲ್ಲ. ಒಂದು ಪೇಜ್‌ನಲ್ಲಿ ಕಾವಲುಗಾರರು ಸುಮಾರು 2,000 ದಾಟಬಾರದು ಅನ್ನೋ ಮಾತು ಆಗ ಡೆವಲಪರ್‌ಗಳ ಬಾಯಲ್ಲಿ ಓಡಾಡ್ತಿತ್ತು. ಮನುಷ್ಯ ಒಂದು ಪೇಜ್‌ನಲ್ಲಿ ಅಷ್ಟಕ್ಕಿಂತ ಹೆಚ್ಚು ಮಾಹಿತಿ ನೋಡೋಕೂ ಆಗಲ್ಲ ಅಂತ ಹೆವೆರಿಯವರ ಸಮರ್ಥನೆ. ಆದರೆ ದೊಡ್ಡ ಟೇಬಲ್ ಇರೋ ಆಫೀಸ್ ಸಾಫ್ಟ್‌ವೇರ್‌ಗಳು ಆ ಮಿತಿ ಸುಲಭವಾಗಿ ದಾಟ್ತಿದ್ದವು. ಅದೇ ಹೊತ್ತಿಗೆ ಜನ ಕಂಪ್ಯೂಟರ್ ಬಿಟ್ಟು ಫೋನ್‌ಗೆ ಬಂದರು. 2013ರ ಮೇನಲ್ಲಿ ಫೇಸ್‌ಬುಕ್ ರಿಯಾಕ್ಟ್ ಅನ್ನೋ ಬೇರೆ ದಾರಿ ತೋರಿಸಿತ್ತು. ಆಂಗ್ಯುಲರ್ ತಂಡಕ್ಕೆ ಅರ್ಥವಾಯ್ತು, ಅಡಿಪಾಯವೇ ಬದಲಾಗಬೇಕು.

ಅವರ ನಿರ್ಧಾರ ತಾಂತ್ರಿಕವಾಗಿ ತಪ್ಪು ಅಂತ ನಾನು ಹೇಳಲ್ಲ. ಪ್ಯಾರಿಸ್‌ನಲ್ಲಿ ಎಡವಟ್ಟಾಗಿದ್ದು ಬೇರೆ ಕಡೆ.

ಸಮ್ಮೇಳನದ ಹೆಸರು ಎನ್‌ಜಿ ಯುರೋಪ್. ವೇದಿಕೆ ಮೇಲೆ ಇಗೊರ್ ಮಿನಾರ್ ಮತ್ತು ಟೋಬಿಯಾಸ್ ಬಾಷ್. ಆಂಗ್ಯುಲರ್ 2ರಲ್ಲಿ ಏನೇನು ಇರಲ್ಲ ಅಂತ ಹೇಳೋಕೆ ಅವರು ಸ್ಲೈಡ್‌ನಲ್ಲಿ ಗೋರಿಕಲ್ಲುಗಳನ್ನ ತೋರಿಸಿದರು. ಕಂಟ್ರೋಲರ್ ಮೇಲೆ ಆರ್‌ಐಪಿ. ಸ್ಕೋಪ್ ಮೇಲೆ ಆರ್‌ಐಪಿ. ಮಾಡ್ಯೂಲ್ ಮೇಲೆ ಆರ್‌ಐಪಿ. ಕೇಳ್ತಾ ಕೂತವರಿಗೆ ಅವು ಬರೀ ಪದಗಳಾಗಿರಲಿಲ್ಲ. ಎರಡು ಮೂರು ವರ್ಷದಿಂದ ಹಗಲು ರಾತ್ರಿ ಕಲಿತು ಬರೆದಿದ್ದೇ ಅದು. ಅದರ ಜೊತೆಗೆ ಆ್ಯಟ್‌ಸ್ಕ್ರಿಪ್ಟ್ ಅಂತ ಹೊಸ ಭಾಷೆಯೊಂದನ್ನೂ ಮುಂದಿಟ್ಟರು. ಹಳೇ ಪ್ರಾಜೆಕ್ಟ್‌ನಿಂದ ಹೊಸದಕ್ಕೆ ಹೋಗೋದು ಹೇಗೆ ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರ ಇರಲಿಲ್ಲ.

ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಗೂಗಲ್ ಒಂದು ಆಸ್ತಿಯನ್ನ ರೈಟ್ ಆಫ್ ಮಾಡ್ತು. ಆದ್ರೆ ಆ ಆಸ್ತಿ ಇದ್ದದ್ದು ಗೂಗಲ್‌ನ ಬ್ಯಾಲೆನ್ಸ್ ಶೀಟ್‌ನಲ್ಲಿ ಅಲ್ಲ, ಬೇರೆಯವರದ್ದರಲ್ಲಿ. ಸಾವಿರಾರು ಕಂಪನಿಗಳ ಕೋಡು, ಲಕ್ಷಾಂತರ ಗಂಟೆಯ ಕಲಿಕೆ, ಟ್ರೈನಿಂಗ್ ಸೆಂಟರ್‌ಗೆ ಕಟ್ಟಿದ ಫೀಸು.

ಆ ಫೀಸಿನ ವಿಷಯ ನಮ್ಮನೆಯಲ್ಲೇ ಇದೆ. ನಮ್ಮ ಸೋದರತ್ತೆ ಮಗ, ದಾವಣಗೆರೆಯವರು, ಬಿಇ ಮುಗಿಸಿ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟ್‌ನ ಪಿಜಿಯಲ್ಲಿ ಇದ್ಕೊಂಡು ಆಂಗ್ಯುಲರ್‌ಜೆಎಸ್ ಕೋರ್ಸ್ ಸೇರಿದ್ದು ಸರಿಯಾಗಿ ಅದೇ ಸಮಯದಲ್ಲಿ. ಭಾವ ಈಗಲೂ ನಗ್ತಾ ಹೇಳ್ತಾರೆ, "ಕೋರ್ಸ್ ಮುಗಿಯೋಕ್ಕೆ ಮುಂಚೇನೇ ಸಿಲಬಸ್ ಸತ್ತೋಯ್ತಲ್ಲಮ್ಮ." ಕೆಲಸವೇನೋ ಸಿಕ್ತು. ಹಳೇ ಆಂಗ್ಯುಲರ್‌ಜೆಎಸ್ ಪ್ರಾಜೆಕ್ಟ್‌ನ ಮೇಂಟೆನೆನ್ಸ್‌ಗೆ ಹಾಕಿದರು. ಅಲ್ಲಿ ಹೊಸದು ಕಲಿಯೋಕೆ ಟೈಮ್ ಕೊಡ್ತಿರಲಿಲ್ಲ, ಬೇರೆ ಕಂಪನಿ ಇಂಟರ್‌ವ್ಯೂನಲ್ಲಿ ಮಾತ್ರ ಹೊಸದನ್ನೇ ಕೇಳ್ತಿದ್ದರು.

ಪ್ಯಾರಿಸ್ ನಂತರ ಆದದ್ದನ್ನ ಬೇಗ ಹೇಳಿಬಿಡ್ತೀನಿ. ಆಂಗ್ಯುಲರ್ 2 ತಂಡದಲ್ಲೇ ಇದ್ದ ರಾಬ್ ಐಸೆನ್‌ಬರ್ಗ್ 2014ರ ನವೆಂಬರ್‌ನಲ್ಲಿ ಹೊರಬಂದು, ಮುಂದಿನ ಜನವರಿಯಲ್ಲಿ ಆರೇಲಿಯಾ ಅನ್ನೋ ತಮ್ಮದೇ ಫ್ರೇಮ್‌ವರ್ಕ್ ಘೋಷಿಸಿದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ. ಗೂಗಲ್‌ನಲ್ಲಿ ಆಂಗ್ಯುಲರ್‌ಜೆಎಸ್ ಬಳಸಿ ನೋಡಿದ್ದ ಇವಾನ್ ಯು ಅದರಲ್ಲಿ ತನಗೆ ಇಷ್ಟವಾದದ್ದನ್ನ ಮಾತ್ರ ಇಟ್ಟುಕೊಂಡು ವ್ಯೂ ಅಂತ ಹಗುರವಾದ ಒಂದನ್ನ 2014ರ ಫೆಬ್ರವರಿಯಲ್ಲೇ ಬಿಟ್ಟಿದ್ದರು. ಆಂಗ್ಯುಲರ್ ಮೇಲೆ ಮುನಿಸಿಕೊಂಡವರಿಗೆ ಅದು ಮತ್ತು ರಿಯಾಕ್ಟ್ ಎರಡೂ ಬಾಗಿಲು ತೆರೆದಿದ್ದವು. ಇತ್ತ ಆಂಗ್ಯುಲರ್ ತಂಡ 2015ರ ಮಾರ್ಚ್‌ನಲ್ಲಿ ಆ್ಯಟ್‌ಸ್ಕ್ರಿಪ್ಟ್ ಕೈಬಿಟ್ಟು ಮೈಕ್ರೋಸಾಫ್ಟ್‌ನ ಟೈಪ್‌ಸ್ಕ್ರಿಪ್ಟ್ ಒಪ್ಪಿಕೊಂಡಿತು. ನನ್ನ ಪ್ರಕಾರ ಆ ಗಲಾಟೆಯಿಂದ ಸಿಕ್ಕ ಅತಿ ಒಳ್ಳೆ ಫಲ ಅದೇ. ಟೈಪ್‌ಸ್ಕ್ರಿಪ್ಟ್ ಇವತ್ತು ಇಷ್ಟು ಕಡೆ ಇರೋದಕ್ಕೆ ಆ ನಿರ್ಧಾರದ ಪಾಲೂ ಇದೆ. ಹಳೇದು ಹೊಸದು ಒಂದೇ ಪೇಜ್‌ನಲ್ಲಿ ಒಟ್ಟಿಗೆ ಓಡಿಸೋಕೆ ಎನ್‌ಜಿ ಅಪ್‌ಗ್ರೇಡ್ ಅನ್ನೋ ಸೇತುವೆಯನ್ನೂ ಆಮೇಲೆ ಕಟ್ಟಿಕೊಟ್ಟರು.

2016 ಇನ್ನೊಂದು ರಗಳೆಯ ವರ್ಷ. ಮೇನಲ್ಲಿ ರಿಲೀಸ್ ಕ್ಯಾಂಡಿಡೇಟ್ ಅಂತ ಬಂತು. ಆ ಪದದ ಅರ್ಥ, ಅಡುಗೆ ಆಗಿದೆ, ಬಡಿಸೋದು ಬಾಕಿ ಅಂತ. ಆದರೆ ಎಲೆ ಹಾಕಿದ ಮೇಲೆ ಮೆನು ಬದಲಾಗ್ತಾ ಹೋಯ್ತು. ರೂಟರ್ ಬದಲಾಯ್ತು. ಆಗಸ್ಟ್‌ನ ಐದನೇ ಕ್ಯಾಂಡಿಡೇಟ್‌ನಲ್ಲಿ ಎನ್‌ಜಿ ಮಾಡ್ಯೂಲ್ ಅನ್ನೋ ಪೂರ್ತಿ ಹೊಸ ಪದ್ಧತಿ ಒಳಗೆ ಬಂತು. ಸೆಪ್ಟೆಂಬರ್ 14ಕ್ಕೆ ಅಂತಿಮ ಬಿಡುಗಡೆ. ಕೊನೇ ಗಳಿಗೆಯಲ್ಲಿ ತುರುಕಿದ ಆ ಎನ್‌ಜಿ ಮಾಡ್ಯೂಲ್‌ನಿಂದ ಕಲಿಯೋರಿಗೆ ಆದ ಕಷ್ಟ ಅಷ್ಟಿಷ್ಟಲ್ಲ. ಅದು ಬೇಡದಿದ್ರೂ ನಡೆಯುತ್ತೆ ಅನ್ನೋ ದಾರಿ 2022ರಲ್ಲಿ 14ನೇ ಆವೃತ್ತಿಯಲ್ಲಿ ಪ್ರಯೋಗಕ್ಕೆ ಬಂತು. ಅದೇ ಸಹಜ ದಾರಿ ಆಗಿದ್ದು 2024ರ ನವೆಂಬರ್‌ನ 19ನೇ ಆವೃತ್ತಿಯಲ್ಲಿ. ಒಂದು ಆಗಸ್ಟ್‌ನಲ್ಲಿ ಹಾಕಿದ ಗಂಟು ಬಿಚ್ಚೋಕೆ ಎಂಟು ವರ್ಷ.

ಇಲ್ಲಿಂದ ಮುಂದಿನದ್ದು ಸಾಲ ತೀರಿಸೋ ಕಥೆ. ಇದರಲ್ಲಿ ನಾಟಕ ಕಡಿಮೆ, ಹಾಗಾಗಿ ಯಾರೂ ಹೇಳಲ್ಲ. ನನಗೆ ಮಾತ್ರ ಇದೇ ಭಾಗ ಜಾಸ್ತಿ ಇಷ್ಟ.

ಮೊದಲು ಕ್ಯಾಲೆಂಡರ್. ಇನ್ನು ಆರು ತಿಂಗಳಿಗೊಂದು ದೊಡ್ಡ ಆವೃತ್ತಿ, ಏನನ್ನಾದರೂ ತೆಗೆಯೋ ಮುಂಚೆ ಮುನ್ಸೂಚನೆ, ಎಚ್ಚರಿಕೆ ಅಂತ ಮಾತು ಕೊಟ್ಟರು. 2017ರ ಮಾರ್ಚ್‌ನಲ್ಲಿ ಬಂದದ್ದು 4ನೇ ಆವೃತ್ತಿ. ಮೂರು ಎಲ್ಲಿ ಹೋಯ್ತು ಅಂದ್ರಾ? ರೂಟರ್ ಭಾಗದ ನಂಬರ್ ಆಗಲೇ ಮೂರಕ್ಕೆ ಬಂದಿತ್ತು, ಎಲ್ಲ ಒಂದೇ ಸಮಕ್ಕೆ ಬರಲಿ ಅಂತ ಮೂರನ್ನ ಹಾರಿಸಿದರು. ಆಮೇಲೆ ಟೂಲ್. 2018ರ 6ನೇ ಆವೃತ್ತಿಯಿಂದ ಎನ್‌ಜಿ ಅಪ್‌ಡೇಟ್ ಅನ್ನೋ ಕಮಾಂಡ್ ಬಂತು. ಅದನ್ನ ಓಡಿಸಿದ್ರೆ ಹೊಸ ಆವೃತ್ತಿ ಇಳಿಸೋದಷ್ಟೇ ಅಲ್ಲ, ನಿಮ್ಮ ಕೋಡ್‌ನೊಳಗೆ ಹೋಗಿ ಹಳೇ ಪದ್ಧತಿಯಲ್ಲಿ ಬರೆದಿದ್ದನ್ನ ಎಲ್ಲೆಲ್ಲಿ ಆಗುತ್ತೋ ಅಲ್ಲೆಲ್ಲ ಹೊಸದಕ್ಕೆ ತಿದ್ದಿ ಬರುತ್ತೆ.

ಈ ಶಿಸ್ತಿಗೆ ಒಂದು ಗಟ್ಟಿ ಕಾರಣ ಇದೆ. ಗೂಗಲ್ ತನ್ನ ಬಹುಪಾಲು ಕೋಡನ್ನ ಒಂದೇ ದೊಡ್ಡ ಉಗ್ರಾಣದಲ್ಲಿ ಇಟ್ಟಿರುತ್ತೆ. ಅಲ್ಲಿ ಆಂಗ್ಯುಲರ್ ಬಳಸೋ ಆ್ಯಪ್‌ಗಳೇ ಸಾವಿರಕ್ಕೂ ಹೆಚ್ಚು, ಎಲ್ಲವೂ ಇವತ್ತಿನ ಆಂಗ್ಯುಲರ್ ಮೇಲೇ ಓಡಬೇಕು. ಆಂಗ್ಯುಲರ್ ತಂಡ ಏನಾದರೂ ಮುರಿದರೆ ಆ ಆ್ಯಪ್‌ಗಳ ಟೆಸ್ಟ್ ಕೆಂಪಾಗುತ್ತೆ, ಸರಿ ಮಾಡೋ ಜವಾಬ್ದಾರಿ ಇವರ ತಲೆ ಮೇಲೇ ಬರುತ್ತೆ. ಸಾವಿರ ಆ್ಯಪ್ ಕೈಯಲ್ಲಿ ತಿದ್ದೋಕಾಗಲ್ಲ, ಅದಕ್ಕೆ ತಿದ್ದೋ ಯಂತ್ರ ಮಾಡಲೇಬೇಕು. ಖರ್ಚು ತಮ್ಮ ಖಾತೆಗೇ ಬೀಳೋ ಹಾಗಿದ್ದಾಗ ಜನ ಎಷ್ಟು ಎಚ್ಚರವಾಗಿರ್ತಾರೆ ಅನ್ನೋದು ಅಕೌಂಟ್ಸ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಹೊಸ ರೀತಿಯ ಮೊದಲ ದೊಡ್ಡ ಪರೀಕ್ಷೆ ಐವಿ. ಪರದೆ ಬಿಡಿಸೋ ಇಡೀ ಎಂಜಿನ್ನೇ ಬದಲು. 2018ರಲ್ಲಿ ಹೇಳಿದ್ದು, ಎಲ್ಲರಿಗೂ ಕೊಟ್ಟಿದ್ದು 2020ರ ಫೆಬ್ರವರಿಯಲ್ಲಿ, 9ನೇ ಆವೃತ್ತಿಯಲ್ಲಿ. ತಡವಾಯ್ತು ಅಂತ ಜನ ಗೊಣಗಿದರು. ಬಸ್ ಓಡ್ತಿರುವಾಗಲೇ ಎಂಜಿನ್ ಬದಲಿಸೋರು ತಡ ಮಾಡಿದ್ರೆ ನನಗಂತೂ ಬೇಜಾರಿಲ್ಲ.

ಹಳೇ ಆಂಗ್ಯುಲರ್‌ಜೆಎಸ್ ಬೆಂಬಲ 2021ರ ಜೂನ್‌ಗೆ ಮುಗಿಯಬೇಕಿತ್ತು. ಕೋವಿಡ್ ಬಂತು ಅಂತ ಆರು ತಿಂಗಳು ಮುಂದೆ ಹಾಕಿದರು. ಡಿಸೆಂಬರ್ 31, 2021ಕ್ಕೆ ಅದು ನಿಂತಿತು. ಪ್ಯಾರಿಸ್‌ನಲ್ಲಿ ಗೋರಿಕಲ್ಲು ತೋರಿಸಿ ಏಳು ವರ್ಷ ಆದಮೇಲೆ.

ಈಗ ಝೋನ್ ಜೆಎಸ್‌ಗೆ ಬರೋಣ. ಆಂಗ್ಯುಲರ್ 2ರಲ್ಲಿ ಸುತ್ತು ಸುತ್ತು ಕೇಳೋದು ಹೋಗಿತ್ತು, ಮೇಲಿಂದ ಕೆಳಕ್ಕೆ ಒಂದೇ ಸಲ ನೋಡಿದ್ರೆ ಸಾಕು. ಆದ್ರೆ ಯಾವಾಗ ನೋಡಬೇಕು? ಅದನ್ನ ಹೇಳೋಕೆ ಇದ್ದ ವಾಚ್‌ಮ್ಯಾನ್ ಝೋನ್ ಜೆಎಸ್. ಅಪಾರ್ಟ್‌ಮೆಂಟ್ ಗೇಟ್‌ನಲ್ಲಿ ಕೂತ ಹಾಗೆ ಅವನು ಬ್ರೌಸರ್‌ನ ಗೇಟ್‌ನಲ್ಲಿ ಕೂರ್ತಾನೆ. ಕ್ಲಿಕ್ ಆಯ್ತಾ, ಟೈಮರ್ ಮುಗೀತಾ, ಸರ್ವರ್‌ನಿಂದ ಉತ್ತರ ಬಂತಾ, ಪ್ರತಿಯೊಂದಕ್ಕೂ ಬೆಲ್ ಒತ್ತುತ್ತಾನೆ. ಯಾರ ಮನೆಗೆ ಬಂದಿದ್ದಾರೆ ಅಂತ ಮಾತ್ರ ಅವನಿಗೆ ಗೊತ್ತಿಲ್ಲ. ಹಾಗಾಗಿ ಆಂಗ್ಯುಲರ್ ಎಲ್ಲ ಮನೆಗೂ ಹೋಗಿ ನೋಡಬೇಕು. ಇದನ್ನ ಮಾಡೋಕೆ ಅವನು ಬ್ರೌಸರ್‌ನ ಮೂಲ ಫಂಕ್ಷನ್‌ಗಳನ್ನೇ ತನ್ನದರಿಂದ ಬದಲಾಯಿಸಿ ಕೂರ್ತಿದ್ದ. ಜಾವಾಸ್ಕ್ರಿಪ್ಟ್ ಭಾಷೆಗೆ ಅಸಿಂಕ್ ಅವೇಟ್ ಅನ್ನೋ ಹೊಸ ಸೌಲಭ್ಯ ಬಂದಾಗ ಅದನ್ನ ಹಿಡಿಯೋಕೆ ಅವನಿಗೆ ಆಗಲಿಲ್ಲ. ಅದಕ್ಕೆ ಆಂಗ್ಯುಲರ್ ಏನು ಮಾಡ್ತಿತ್ತು ಗೊತ್ತಾ? ನೀವು ಬರೆದ ಹೊಸ ಬಗೆಯ ಕೋಡನ್ನ ಹಳೇ ಬಗೆಗೆ ಇಳಿಸಿ ಬ್ರೌಸರ್‌ಗೆ ಕೊಡ್ತಿತ್ತು. ವಾಚ್‌ಮ್ಯಾನ್‌ಗೆ ಲಿಫ್ಟ್ ಹತ್ತೋಕೆ ಬರಲ್ಲ ಅಂತ ಎಲ್ಲರೂ ಮೆಟ್ಟಿಲು ಹತ್ತಿದ ಹಾಗೆ.

ಪರಿಹಾರ ಹೊಸದೇನಲ್ಲ. ಆಂಗ್ಯುಲರ್‌ಜೆಎಸ್ ಮುಕ್ತವಾದ 2010ರಲ್ಲೇ ಸ್ಟೀವ್ ಸ್ಯಾಂಡರ್‌ಸನ್ ನಾಕ್‌ಔಟ್ ಅನ್ನೋ ಲೈಬ್ರರಿ ಬಿಟ್ಟಿದ್ದರು. ಪ್ರತಿ ಮೌಲ್ಯವೂ ತನ್ನನ್ನ ಯಾರು ಬಳಸ್ತಿದ್ದಾರೆ ಅಂತ ತಾನೇ ನೆನಪಿಟ್ಟುಕೊಳ್ಳಬೇಕು, ಬದಲಾದಾಗ ಅವರಿಗೆ ಮಾತ್ರ ಹೇಳಬೇಕು. ಎಕ್ಸೆಲ್‌ನ ಚೌಕದ ಹಾಗೆ. ಆಮೇಲೆ ಸಾಲಿಡ್ ಅನ್ನೋ ಫ್ರೇಮ್‌ವರ್ಕ್ ಮಾಡಿದ ರಯಾನ್ ಕಾರ್ನಿಯಾಟೊ ಈ ವಿಚಾರಕ್ಕೆ ಹೊಸ ಜೀವ ಕೊಟ್ಟರು. ಈಗಿನ ಹೆಸರು ಸಿಗ್ನಲ್. ಬೆಲೆ ಒಂದು ಸಿಗ್ನಲ್, ಸಂಖ್ಯೆ ಒಂದು ಸಿಗ್ನಲ್, ಎರಡರ ಗುಣಲಬ್ಧ ಇದೆಯಲ್ಲ, ಬಿಲ್‌ನ ಮೊತ್ತ, ಅದು ಕಂಪ್ಯೂಟೆಡ್. ಬೆಲೆ ಬದಲಾದ್ರೆ ಮೊತ್ತಕ್ಕೆ ಮಾತ್ರ ಸುದ್ದಿ ಹೋಗುತ್ತೆ. ಗಿರಾಕಿಯ ಹೆಸರು ಬರೆದ ಜಾಗವನ್ನ ಯಾರೂ ಮುಟ್ಟಲ್ಲ. ಇಷ್ಟಾದ ಮೇಲೆ ವಾಚ್‌ಮ್ಯಾನ್ ಯಾಕೆ?

ಅಂದ್ರೆ 2023ರಲ್ಲಿ ಆಂಗ್ಯುಲರ್ ಮತ್ತೆ ಅಡಿಪಾಯ ಬದಲಿಸೋ ಸ್ಥಿತಿಗೆ ಬಂದಿತ್ತು, 2014ರ ಹಾಗೆಯೇ. ಈ ಸಲ ಗೋರಿಕಲ್ಲು ಇರಲಿಲ್ಲ. ಏಪ್ರಿಲ್‌ನಲ್ಲಿ ಸಿಗ್ನಲ್ ವಿನ್ಯಾಸವನ್ನ ಪೂರ್ತಿ ಬರೆದು ಜನರ ಮುಂದಿಟ್ಟು ಅಭಿಪ್ರಾಯ ಕೇಳಿದರು. ಮೇನಲ್ಲಿ 16ನೇ ಆವೃತ್ತಿಯಲ್ಲಿ ಪರೀಕ್ಷೆಗೆ ಅಂತ ಕೊಟ್ಟರು. ಹಳೇದು ಹಾಗೇ ಓಡ್ತಿತ್ತು, ಬೇಕಾದವರು ಒಂದು ಕಾಂಪೊನೆಂಟ್‌ನಲ್ಲಿ ಬಳಸಿ ನೋಡಬಹುದಿತ್ತು. ಅದೇ ವರ್ಷ ಪೇಜ್‌ನಲ್ಲಿ ಷರತ್ತು ಬರೆಯೋ ಹೊಸ ವ್ಯಾಕರಣವೊಂದನ್ನ ಮುಂದಿಟ್ಟರು, ಸುರುಳಿ ಆವರಣದ ಜೊತೆ ಹ್ಯಾಷ್ ಚಿಹ್ನೆ ಇತ್ತು. ಜನಕ್ಕೆ ಹಿಡಿಸಲಿಲ್ಲ, ಇಮೇಲ್‌ನಲ್ಲಿ ಬರೋ ಆ್ಯಟ್ ಚಿಹ್ನೆ ವಾಸಿ ಅಂದರು. ತಂಡ ಒಪ್ಪಿಕೊಂಡಿತು. ನವೆಂಬರ್ 8ಕ್ಕೆ 17ನೇ ಆವೃತ್ತಿಯಲ್ಲಿ ಬಂದದ್ದು ಆ್ಯಟ್ ಚಿಹ್ನೆಯೇ, ಜೊತೆಗೆ ಹಳೇ ವ್ಯಾಕರಣವನ್ನ ಹೊಸದಕ್ಕೆ ತಿರುಗಿಸಿಕೊಡೋ ಕಮಾಂಡ್. ಚಿಕ್ಕ ವಿಷಯ ಅನ್ನಿಸಬಹುದು. ಪ್ಯಾರಿಸ್‌ನಲ್ಲಿ ಕೂತಿದ್ದವರಿಗೆ ಇದು ಚಿಕ್ಕದಲ್ಲ.

ಆಮೇಲಿನ ಹೆಜ್ಜೆಗಳು ಒಂದೊಂದೇ. 2024ರ ಮಾರ್ಚ್‌ನಲ್ಲಿ ಗೂಗಲ್ ಇನ್ನೊಂದು ಗುಟ್ಟು ಬಿಚ್ಚಿತು. ಹೊರಗಿನವರಿಗೆ ಸಿಗದ ವಿಝ್ ಅನ್ನೋ ಫ್ರೇಮ್‌ವರ್ಕ್ ಅವರಲ್ಲಿದೆ, ಗೂಗಲ್ ಸರ್ಚ್, ಫೋಟೋಸ್ ಓಡೋದು ಅದರ ಮೇಲೆ. ಅದನ್ನೂ ಆಂಗ್ಯುಲರ್ ಅನ್ನೂ ನಿಧಾನವಾಗಿ ಹತ್ತಿರ ತರ್ತೀವಿ ಅಂದರು. ಫೋನ್ ಬ್ರೌಸರ್‌ನ ಯೂಟ್ಯೂಬ್ ಆಗಲೇ ಆಂಗ್ಯುಲರ್‌ನ ಸಿಗ್ನಲ್ ಬಳಸ್ತಿತ್ತು. ಮೇನಲ್ಲಿ 18ನೇ ಆವೃತ್ತಿಯಲ್ಲಿ ಝೋನ್ ಇಲ್ಲದ ಆಂಗ್ಯುಲರ್ ಪ್ರಯೋಗವಾಗಿ ಬಂತು. 2025ರ ಮೇ 28ರ 20ನೇ ಆವೃತ್ತಿಯಲ್ಲಿ ಸಿಗ್ನಲ್‌ನ ಉಳಿದ ಮುಖ್ಯ ಭಾಗಗಳು ಗಟ್ಟಿಯಾದವು, 20.2ರಲ್ಲಿ ಝೋನ್ ಇಲ್ಲದ ದಾರಿಯೂ ಗಟ್ಟಿಯಾಯ್ತು. ನವೆಂಬರ್‌ನ 21ರಲ್ಲಿ ಅದೇ ಹೊಸ ಪ್ರಾಜೆಕ್ಟ್‌ಗಳ ದಾರಿ. ಹಳೇ ಪ್ರಾಜೆಕ್ಟ್‌ಗೆ ಝೋನ್ ಬೇಕಾ, ಇಟ್ಟುಕೊಳ್ಳಬಹುದು. ಪ್ರಯೋಗದಿಂದ ಪದ್ಧತಿಗೆ ಒಂದೂವರೆ ವರ್ಷ.

ಎಲ್ಲ ಚೆನ್ನಾಗಿದೆ ಅಂತ ಹೇಳಿ ಮುಗಿಸಿದ್ರೆ ಸುಳ್ಳಾಗುತ್ತೆ. ಏನನ್ನೂ ಮುರಿಯದೆ ಹೋಗೋದಕ್ಕೂ ಬೆಲೆ ಇದೆ. ಇವತ್ತು ಆಂಗ್ಯುಲರ್‌ನಲ್ಲಿ ಒಂದೇ ಕೆಲಸಕ್ಕೆ ಎರಡು ಮೂರು ದಾರಿ. ಫಾರ್ಮ್ ಮಾಡೋಕೆ ಮೊದಲೇ ಎರಡು ಪದ್ಧತಿ ಇದ್ದವು, 21ರಲ್ಲಿ ಸಿಗ್ನಲ್ ಫಾರ್ಮ್ಸ್ ಅಂತ ಮೂರನೆಯದು ಪ್ರಯೋಗಕ್ಕೆ ಬಂದಿದೆ. ಷರತ್ತಿಗೆ ಹಳೇ ಎನ್‌ಜಿ ಇಫ್ ಇದೆ, 20ರಲ್ಲಿ ಅದಕ್ಕೆ ಹೋಗುವ ಕಾಲ ಬಂತು ಅಂತ ಚೀಟಿ ಅಂಟಿಸಿದ್ದಾರೆ, ಆದ್ರೆ ಇನ್ನೂ ಇದೆ. ಹೊಸಬರು ಯೂಟ್ಯೂಬ್ ತೆರೆದರೆ 2019ರ ಪಾಠ ಒಂದು ಹೇಳುತ್ತೆ, 2025ರ ಪಾಠ ಇನ್ನೊಂದು. ಎಐಗೆ ಕೇಳಿದ್ರೂ ಎಷ್ಟೋ ಸಲ ಹಳೇ ಕೋಡ್ ಕೊಡುತ್ತೆ, ಯಾಕಂದ್ರೆ ಅದು ಓದಿ ಬೆಳೆದಿದ್ದರಲ್ಲಿ ಹಳೇದೇ ಜಾಸ್ತಿ. ನೀವು ಇಂಟರ್‌ವ್ಯೂಗೆ ಓದ್ತಿದ್ರೆ ನನ್ನ ಸಲಹೆ ಇಷ್ಟು. ಸಿಗ್ನಲ್‌ನಲ್ಲಿ ಬರೆಯೋದು ಕಲೀರಿ, ಎನ್‌ಜಿ ಮಾಡ್ಯೂಲ್ ಮತ್ತು ಝೋನ್ ಓದಿ ಅರ್ಥ ಮಾಡಿಕೊಳ್ಳೋಷ್ಟು ಕಲೀರಿ. ಕೆಲಸಕ್ಕೆ ಸೇರಿದ ಮೊದಲ ದಿನ ನಿಮ್ಮ ಕೈಗೆ ಬರೋದು ಹಳೇದೇ.

ಪ್ಯಾರಿಸ್‌ನಲ್ಲಿ ಹೋದ ಜನ ವಾಪಸ್ ಬಂದರಾ? ಹೆಚ್ಚಿನವರು ಬರಲಿಲ್ಲ. ಹೊಸ ಸ್ಟಾರ್ಟಪ್‌ಗಳ ಮೊದಲ ಆಯ್ಕೆ ಈಗಲೂ ರಿಯಾಕ್ಟ್. ಆಂಗ್ಯುಲರ್ ಉಳಿಸಿಕೊಂಡದ್ದು ಇದ್ದವರನ್ನ, ದೊಡ್ಡ ಆಫೀಸ್‌ಗಳನ್ನ. ನಮ್ಮ ಭಾವ ಈಗ ಅಂಥದ್ದೇ ಒಂದು ಕಡೆ ಟೀಮ್ ಲೀಡ್, ಈ ವರ್ಷ ಅವರ ಪ್ರಾಜೆಕ್ಟ್ 20ಕ್ಕೆ ಬಂತು. ಎಷ್ಟು ದಿನ ಹಿಡೀತು ಭಾವ ಅಂದೆ. ಅಪ್‌ಡೇಟ್‌ಗೆ ಒಂದು ಮಧ್ಯಾಹ್ನ, ಅದಕ್ಕೆ ಅಪ್ರೂವಲ್ ತಗೊಳ್ಳೋಕೆ ಮೂರು ವಾರ ಅಂದರು.

ರಾಬ್ ಐಸೆನ್‌ಬರ್ಗ್ ಹೆಸರು ನೆನಪಿದೆಯಲ್ಲ, ಆಂಗ್ಯುಲರ್ 2 ತಂಡ ಬಿಟ್ಟು ಹೋದವರು. ಸಿಗ್ನಲ್ ಅನ್ನ ಯಾವುದೋ ಒಂದು ಫ್ರೇಮ್‌ವರ್ಕ್‌ನ ಸ್ವತ್ತಾಗಿ ಇಡದೆ ಜಾವಾಸ್ಕ್ರಿಪ್ಟ್ ಭಾಷೆಗೇ ಸೇರಿಸೋಣ ಅನ್ನೋ ಪ್ರಸ್ತಾವ 2024ರ ಏಪ್ರಿಲ್‌ನಲ್ಲಿ ಆ ಭಾಷೆಯ ನಿಯಮ ಮಾಡೋ ಸಮಿತಿಯ ಮುಂದೆ ಹೋಯ್ತು. ಅದನ್ನ ಮುಂದಿಟ್ಟವರಲ್ಲಿ ಐಸೆನ್‌ಬರ್ಗ್ ಕೂಡ ಒಬ್ಬರು, ವಿನ್ಯಾಸಕ್ಕೆ ಆಂಗ್ಯುಲರ್ ತಂಡದವರೂ ಕೈ ಜೋಡಿಸಿದ್ದಾರೆ. ಸಮಿತಿ ಅದನ್ನ ಮೊದಲ ಹಂತಕ್ಕೆ ತಗೊಂಡಿದೆ. ಭಾಷೆಯೊಳಗೆ ಸೇರಬೇಕಾದರೆ ನಾಲ್ಕನೇ ಹಂತ ಮುಟ್ಟಬೇಕು.